ನಕ್ಷೆಯಲ್ಲಿ ಬಣ್ಣ ಇಲ್ಲದವರ ಕಡಲು

ಲೇಔಟ್ ಪ್ಲಾನ್ ಅಂದ್ರೆ ಸಿವಿಲ್‌ನವರಿಗೆ ಹೇಳಿಕೊಡಬೇಕಾಗಿಲ್ಲ. ರಸ್ತೆಗೆ ಇಷ್ಟು, ಪಾರ್ಕಿಗೆ ಇಷ್ಟು, ಸೆಟ್‌ಬ್ಯಾಕ್ ಇಷ್ಟು. ಇದನ್ನೇ ಸಮುದ್ರದ ಮೇಲೆ ಮಾಡಬೇಕು ಅಂದ್ರೆ? ಅಲ್ಲಿ ಸರ್ವೆ ಕಲ್ಲು ನೆಡೋಕಾಗಲ್ಲ. ಒಂದೇ ಜಾಗದಲ್ಲಿ ಮೇಲೆ ಹಡಗು, ನಡುವೆ ಮೀನು, ತಳದಲ್ಲಿ ಕೇಬಲ್. ಯಾವ ಕೆಲಸ ಎಲ್ಲಿ, ಯಾವಾಗ, ಯಾರಿಂದ ಅಂತ ಮೊದಲೇ ನಿರ್ಧರಿಸುವುದಕ್ಕೆ ಮರೈನ್ ಸ್ಪೇಶಿಯಲ್ ಪ್ಲಾನಿಂಗ್ ಅಂತಾರೆ. ನಾವು ಕಡಲ ಬಳಕೆ ಯೋಜನೆ ಅನ್ನೋಣ.

ಇದನ್ನು ಅರ್ಥ ಮಾಡಿಕೊಳ್ಳಲು ಬೆಲ್ಜಿಯಂ ನೋಡಬೇಕು. ಅವರ ಕರಾವಳಿ 70 ಕಿ.ಮೀ. ಕೂಡ ಇಲ್ಲ. ಉತ್ತರ ಸಮುದ್ರದಲ್ಲಿ ಅವರ ಪಾಲು ಸುಮಾರು 3,450 ಚದರ ಕಿ.ಮೀ., ಅಂದರೆ ನಮ್ಮ ಕೊಡಗು ಜಿಲ್ಲೆಗಿಂತ ಚಿಕ್ಕದು. ಅಷ್ಟರಲ್ಲೇ ಆಂಟ್‌ವರ್ಪ್ ಬಂದರಿಗೆ ಹೋಗುವ ಹಡಗುಗಳು, ಸೇನೆಯ ತಾಲೀಮು, ಮರಳು ತೆಗೆಯುವುದು, ಮೀನುಗಾರಿಕೆ, ಗಾಳಿಯಂತ್ರ ಎಲ್ಲವೂ ನಡೀಬೇಕು. ಸಾಲದ್ದಕ್ಕೆ, ಕ್ನೊಕ್ಕೆ-ಹೈಸ್ಟ್ ಎಂಬ ಊರಿನ ಎದುರು ಮೊದಲ ಮಹಾಯುದ್ಧದ ನಂತರ ಸುರಿದ ಸುಮಾರು 35,000 ಟನ್ ಮದ್ದುಗುಂಡು ಬಿದ್ದಿದೆ. ಅದರಲ್ಲಿ ವಿಷಾನಿಲದ ಶೆಲ್‌ಗಳೂ ಇವೆ. ಅಲ್ಲಿ ಲಂಗರು ಹಾಕುವಂತಿಲ್ಲ.

ಯೋಜನೆ ಬೇಕು ಅಂತ ಅನ್ನಿಸಿದ್ದು ಒಂದು ಜಗಳದಿಂದ. 2000ದ ದಶಕದ ಆರಂಭದಲ್ಲಿ ದಡಕ್ಕೆ ಹತ್ತಿರದ ಒಂದು ಮರಳುದಿಬ್ಬದ ಮೇಲೆ ಗಾಳಿಯಂತ್ರ ಹಾಕಲು ಹೊರಟರು. ಸಮುದ್ರದ ನೋಟ ಕೆಡುತ್ತೆ ಅಂತ ಊರಿನವರು ವಿರೋಧಿಸಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು, ಪ್ರಾಜೆಕ್ಟ್ ನಿಂತೇಹೋಯಿತು. ಆಮೇಲೆ 2004ರಲ್ಲಿ ಸರ್ಕಾರ ದೂರದಲ್ಲಿ ಒಂದು ವಲಯ ಗುರುತಿಸಿ, ಗಾಳಿಯಂತ್ರಕ್ಕೆ ಇದೇ ಜಾಗ ಅಂತ ಹೇಳಿತು. ಹಡಗುಗಳ ಸುರಕ್ಷತೆಗಾಗಿ ಅದರ ಗಡಿಯನ್ನು ಮುಂದೆ ಸ್ವಲ್ಪ ಒಳಗೆ ಸರಿಸಬೇಕಾಯಿತು. 2020ರ ಕೊನೆಗೆ ಅಲ್ಲಿ 399 ಯಂತ್ರಗಳು, ಸುಮಾರು 2,260 ಮೆಗಾವ್ಯಾಟ್. ನಮ್ಮ ರಾಯಚೂರು ಶಾಖೋತ್ಪನ್ನ ಕೇಂದ್ರದ್ದು 1,720. (ಸ್ಥಾಪಿತ ಸಾಮರ್ಥ್ಯದ ಮಾತು ಇದು. ಗಾಳಿ ಬೀಸದಿದ್ದರೆ ಏನೂ ಇಲ್ಲ, ಎಲೆಕ್ಟ್ರಿಕಲ್‌ನವರು ಜಗಳಕ್ಕೆ ಬರಬೇಡಿ.) ಇಡೀ ಕಡಲಿಗೆ ಕಾನೂನಿನ ಬಲ ಇರುವ ಮೊದಲ ಯೋಜನೆ 2014ರಲ್ಲಿ ಬಂತು, ಎರಡನೆಯದು 2020ರಲ್ಲಿ.

ನನಗೆ ತುಂಬ ಹಿಡಿಸಿದ್ದು ಮರಳಿನ ಲೆಕ್ಕ. ಅಲ್ಲಿ ಮರಳು ತೆಗೆಯುವ ಹಡಗಿನಲ್ಲಿ ವಿಮಾನದಲ್ಲಿರುವಂಥ ಬ್ಲ್ಯಾಕ್ ಬಾಕ್ಸ್ ಇರುತ್ತೆ, 1996ರಿಂದ. ಹಡಗು ಎಲ್ಲಿದೆ, ಪಂಪ್ ಓಡ್ತಾ ಇದೆಯಾ, ಎಲ್ಲ ದಾಖಲು. ಜೊತೆಗೆ ಸೋನಾರ್‌ನಿಂದ ತಳ ಅಳೀತಾರೆ. ಮೂಲ ಮಟ್ಟಕ್ಕಿಂತ 5 ಮೀಟರ್ ಆಳ ಆದ್ರೆ ಆ ಜಾಗ ಬಂದ್ ಅನ್ನೋದು ಆಗಿನ ನಿಯಮವಾಗಿತ್ತು. ಕ್ವಿಂಟೆ ಎಂಬ ದಿಬ್ಬದ ನಡುಭಾಗವನ್ನು 2003ರಲ್ಲಿ ಹೀಗೆ ಮುಚ್ಚಿದರು. ಅಗೆತ ನಿಂತ ಮೇಲೆ ಗುಂಡಿ ಇನ್ನೂ ಆಳವಾಗಲಿಲ್ಲ, ಆದರೆ ನಂತರದ ವರ್ಷಗಳ ಅಳತೆಯಲ್ಲಿ ಅದು ತುಂಬಿಕೊಂಡೂ ಇರಲಿಲ್ಲ. ಅಲೆಗಳೇ ಮರಳು ತಂದು ಹಾಕ್ತವೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಲ್ಲ, ಅದಕ್ಕೆ ಈ ಗುಂಡಿಯೇ ಉತ್ತರ.

ಈಗ ಮೀನುಗಾರರ ವಿಷಯ. ಆ ನಕ್ಷೆಯಲ್ಲಿ ಗಾಳಿಗೆ ಒಂದು ಬಣ್ಣ, ಮರಳಿಗೆ ಒಂದು, ಸೇನೆಗೆ ಒಂದು. ಮೀನುಗಾರಿಕೆಗೆ ಮಾತ್ರ ತನ್ನದೇ ಅಂತ ವಲಯ ಇಲ್ಲ. ನಿಷೇಧ ಇಲ್ಲದ ಕಡೆಯೆಲ್ಲ ಹಿಡೀಬಹುದು ಅನ್ನೋದು ನಿಯಮ. ಕೇಳೋಕೆ ಧಾರಾಳವಾಗಿದೆ. ಆದರೆ ಲೆಕ್ಕ ಹಾಕಿ ನೋಡಿ: ಹೊಸ ಬಣ್ಣ ಬಳಿದಾಗಲೆಲ್ಲ ಕಳೆಯೋದು ಮೀನುಗಾರರ ಖಾತೆಯಿಂದಲೇ. ಗಾಳಿಯಂತ್ರದ ವಲಯದೊಳಗೆ ಅವರ ದೋಣಿಗೆ ಪ್ರವೇಶ ಇಲ್ಲ. 2020ರ ಯೋಜನೆಯಲ್ಲಿ ಪ್ರಿನ್ಸೆಸ್ ಎಲಿಸಬೆತ್ ಎಂಬ ಇನ್ನೊಂದು ಗಾಳಿ ವಲಯವೂ ಬಂತು, ಅದರ ಒಂದಷ್ಟು ಭಾಗ ಸಂರಕ್ಷಿತ ಪ್ರದೇಶದ ಒಳಗೇ ಇದೆ. ಯೋಜನೆ ಮಾಡಿದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ, ಅವರು ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿದ್ದಾರೆ. ಆದರೂ ಖಾಲಿ ಅಂತ ಕಾಣೋ ಜಾಗ ಖಾಲಿ ಇರೋದಿಲ್ಲ.

ನಮ್ಮಲ್ಲಿ? 1976ರ ಕಾಯ್ದೆಯ ಪ್ರಕಾರ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗೆ ಪ್ರಾದೇಶಿಕ ಸಮುದ್ರ, 200ರವರೆಗೆ ವಿಶೇಷ ಆರ್ಥಿಕ ವಲಯ. ಮೊದಲ 12ರೊಳಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿ, ಆಚೆಗಿನದು ಕೇಂದ್ರದ್ದು. ಮೀನಿಗೆ ಈ ಗೆರೆ ಗೊತ್ತಿಲ್ಲ ಬಿಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವೂ ಒಂದು ಬಗೆಯ ಕಡಲ ಯೋಜನೆಯೇ. ಜಾಗದ ಬದಲು ಕಾಲವನ್ನು ಹಂಚುತ್ತೆ ಅಷ್ಟೆ. ಪೂರ್ಣ ಪ್ರಮಾಣದ ಕಡಲ ಬಳಕೆ ಯೋಜನೆಗೆ ನಾರ್ವೆಯ ಸಹಕಾರದಲ್ಲಿ ಪ್ರಾಯೋಗಿಕವಾಗಿ ಆಯ್ಕೆಯಾಗಿದ್ದು ಪುದುಚೇರಿ ಮತ್ತು ಲಕ್ಷದ್ವೀಪ.

ನಮ್ಮ ಕರಾವಳಿಯ ಸರದಿಯೂ ಬಂದಾಗ ನಕ್ಷೆಗೆ ಡೇಟಾ ಬೇಕು. ಕೇಬಲ್ ಎಲ್ಲಿದೆ ಅಂತ ಕಂಪನಿ ಹೇಳುತ್ತೆ, ಹಡಗು ಮಾರ್ಗ ಬಂದರಿನಲ್ಲಿ ಸಿಗುತ್ತೆ. ಬಂಗುಡೆ ಯಾವ ತಿಂಗಳು ಎಲ್ಲಿ ಸಿಗುತ್ತೆ ಅನ್ನೋದು ಮಲ್ಪೆಯ ತಾಂಡೇಲರ ತಲೆಯಲ್ಲಿ, ಅವರ ಜಿಪಿಎಸ್‌ನಲ್ಲಿ ಇದೆ. ಒಳ್ಳೆ ಮೀನಿನ ಜಾಗವನ್ನು ಪಕ್ಕದ ಬೋಟಿನವರಿಗೇ ಸುಲಭವಾಗಿ ಬಿಟ್ಟುಕೊಡದವರು ಸರ್ಕಾರಕ್ಕೆ ಯಾಕೆ ಕೊಡ್ತಾರೆ? ಹೆಸರು, ನಿಖರ ಜಾಗ ಮುಚ್ಚಿಟ್ಟು, ಬಳಕೆ ಎಷ್ಟಿದೆ ಅನ್ನೋದನ್ನು ಮಾತ್ರ ತೋರಿಸುವ ನಕ್ಷೆ ಮಾಡೋಕೆ ಸಾಧ್ಯ. ಫೈನಲ್ ಇಯರ್ ಪ್ರಾಜೆಕ್ಟಿಗೆ ಟಾಪಿಕ್ ಸಿಕ್ಕಿಲ್ಲ ಅಂತ ಓಡಾಡ್ತಿರೋ ಕಂಪ್ಯೂಟರ್ ಸೈನ್ಸ್‌ನವರು ಇದ್ರೆ, ಸಿವಿಲ್ ಬ್ಲಾಕಿಗೆ ಬನ್ನಿ, ಮಾತಾಡೋಣ.