ತಮ್ಮ ಕ್ರೈಸ್ತನಾದರೆ ತಂದೆಯ ಶ್ರಾದ್ಧಕ್ಕೆ ಲೋಪವೇ?

ಪ್ರಶ್ನೆ: ನನ್ನ ತಮ್ಮ ಎರಡು ವರ್ಷದ ಹಿಂದೆ ಕ್ರೈಸ್ತ ದೀಕ್ಷಾಸ್ನಾನ ಪಡೆದಿದ್ದಾನೆ. ಕುಡಿತ ಬಿಟ್ಟಿದ್ದಾನೆ, ಸಿಟ್ಟು ಇಳಿದಿದೆ. ‘ಈಗ ನನಗೆ ಹೋಗದಂಥ ಸಂತೋಷ ಸಿಕ್ಕಿದೆ’ ಅನ್ನುತ್ತಾನೆ. ಆದರೆ ತಂದೆಯವರ ಶ್ರಾದ್ಧದಲ್ಲಿ ಕೂಡುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ತಾಯಿ ಕಣ್ಣೀರು ಹಾಕುತ್ತಾರೆ. ಪಿತೃಕಾರ್ಯಕ್ಕೆ ಲೋಪ ಬರುತ್ತದೆಯೇ? ಅವನ ಜಾತಕದ ದೋಷಕ್ಕೆ ಯಾವ ಶಾಂತಿ ಮಾಡಿಸಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಶ್ರಾದ್ಧದ ಮಾತು. ಲೋಪವಿಲ್ಲ. ನೀವು ಹಿರಿಯ ಮಗ, ಕರ್ತೃತ್ವ ನಿಮ್ಮದು. ಪಾಲಾಗದ ಮನೆಯಲ್ಲಿ ಹಿರಿಯನೊಬ್ಬ ಮಾಡಿದರೆ ಎಲ್ಲ ಅಣ್ಣತಮ್ಮಂದಿರ ಪರವಾಗಿಯೂ ಸಲ್ಲುತ್ತದೆ. ಪಾಲಾಗಿದ್ದರೆ ವರ್ಷದ ಶ್ರಾದ್ಧವನ್ನು ಅವರವರು ಬೇರೆ ಮಾಡಬೇಕೆಂಬ ವಿಧಿ ಇದೆ, ನಿಜ. ಆದರೆ ನೀವು ಮಾಡಿದ್ದು ಆ ಕಾರಣಕ್ಕೆ ಕೆಡುವುದಿಲ್ಲ. ಪವಿತ್ರ ಧರಿಸಿ, ಅಪಸವ್ಯ ಮಾಡಿ, ಎಳ್ಳುನೀರು ಬಿಟ್ಟು ಪಿಂಡ ಇಡುವವರು ನೀವೇ ತಾನೆ? ತಂದೆಯವರಿಗೆ ಅದು ಮುಟ್ಟುತ್ತದೆ.

ಅವನನ್ನು ಬಲವಂತದಿಂದ ಕೂಡಿಸಬೇಡಿರಿ. ಕರ್ಮ ಶುರುವಾಗುವುದೇ ಸಂಕಲ್ಪದಿಂದ. ಒಪ್ಪದ ಮನಸ್ಸಿನವನ ಬಾಯಿಂದ ‘ಕರಿಷ್ಯೇ’ ಅನ್ನಿಸಿದರೆ ಅದು ಸುಳ್ಳು ಹೇಳಿಸಿದಂತೆ. ಶ್ರದ್ಧೆಯಿಂದ ಮಾಡುವುದಕ್ಕೇ ಶ್ರಾದ್ಧ ಅಂತ ಹೆಸರು ಬಂದದ್ದು.

ಇನ್ನು ಜಾತಕ. ಒಂಬತ್ತನೆಯ ಮನೆಯನ್ನು ಧರ್ಮಸ್ಥಾನ ಅನ್ನುತ್ತೇವೆ, ಭಾಗ್ಯಸ್ಥಾನವೂ ಅದೇ. ತಂದೆಯ ವಿಚಾರವನ್ನೂ ನಮ್ಮ ಕಡೆ ಅಲ್ಲಿಂದಲೇ ನೋಡುತ್ತಾರೆ. ಅಲ್ಲಿ ರಾಹು ಇದ್ದಾನೆಂದು ಯಾರಾದರೂ ಹೆದರಿಸಿ ಸಾವಿರಾರು ರೂಪಾಯಿಯ ಹೋಮ ಹೇಳಿದರೆ ಮನೆಗೆ ಬಂದುಬಿಡಿರಿ. ಕುಡಿಯುತ್ತಿದ್ದ ಹುಡುಗ ಕುಡಿತ ಬಿಟ್ಟದ್ದನ್ನು ದೋಷ ಎಂದು ನಾನು ಬರೆದುಕೊಡಲಾರೆ. ಅವನು ಕುಡಿಯುವಾಗ ಯಾವ ಶಾಂತಿ ಮಾಡಿಸಿದ್ದಿರಿ ಅಂತ ಕೇಳಬೇಕೆನ್ನಿಸುತ್ತದೆ, ಇರಲಿ.

ಅವನು ಹೇಳುವ ಸಂತೋಷ ಯಾವುದೆಂದು ನೀವು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ತೈತ್ತಿರೀಯ ಉಪನಿಷತ್ತಿನಲ್ಲಿ ಆನಂದದ ಲೆಕ್ಕವೇ ಇದೆ. ಯೌವನ, ವಿದ್ಯೆ, ದೇಹಬಲ, ಭೂಮಿ ತುಂಬ ಸಂಪತ್ತು ಇರುವವನ ಆನಂದವನ್ನು ಒಂದು ಎಂದು ಹಿಡಿದು, ನೂರು ನೂರು ಪಟ್ಟು ಏರಿಸುತ್ತ ಹೋಗುತ್ತದೆ. ಗಂಧರ್ವರಿಂದ ಮೇಲಿನ ಪ್ರತಿ ಮೆಟ್ಟಿಲಲ್ಲೂ, ಆಸೆಯ ಹೊಡೆತಕ್ಕೆ ಸಿಗದ ಶ್ರೋತ್ರಿಯನಿಗೂ ಅಷ್ಟೇ ಆನಂದ ಉಂಟು ಎನ್ನುತ್ತದೆ. ಕ್ರೈಸ್ತರ ದಾರಿ ಬೇರೆ. ಪಾಪಿಯಾದ ತನ್ನನ್ನು ದೇವರು ಕ್ರಿಸ್ತನ ಮೂಲಕ ಕ್ಷಮಿಸಿದ, ಅದು ತನ್ನ ಗಳಿಕೆಯಲ್ಲ, ಕೃಪೆ ಎಂಬ ನಂಬಿಕೆಯಿಂದ ಆ ಸಂತೋಷ ಬರುತ್ತದೆ. ಅವರ ಪೌಲನು ಫಿಲಿಪ್ಪಿಯವರಿಗೆ ಸಂತೋಷಪಡಿರೆಂದು ಮತ್ತೆ ಮತ್ತೆ ಬರೆದದ್ದು ಸೆರೆಯಲ್ಲಿ ಕುಳಿತು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ನನ್ನ ದಾರಿ ವೇದದ್ದು. ಆದರೆ ನಿಮ್ಮ ತಮ್ಮ ಸೋಗು ಹಾಕುತ್ತಿಲ್ಲ ಎಂಬುದಕ್ಕೆ ಎರಡು ವರ್ಷದ ನಡತೆಯೇ ಸಾಕ್ಷಿ.

ಮತ ಬಿಟ್ಟವನು ಮನೆ, ನಾಡು ಎಲ್ಲ ಬಿಟ್ಟ ಹಾಗೆಯೇ ಎಂಬ ಭಯ ನಿಮ್ಮ ಕಾಗದದಲ್ಲಿದೆ. ಹಾಗೆ ಆದದ್ದೂ ಉಂಟು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗದ್ದಲವಾಯಿತು. ಆದರೆ ಇನ್ನೊಂದು ಉದಾಹರಣೆ ನೋಡ್ರಿ. ನಮ್ಮ ಅಳವಂಡಿ ಸೀಮೆಯಿಂದ ತುಂಗಭದ್ರೆ ದಾಟಿದರೆ ಹಡಗಲಿ ತಾಲೂಕಿನ ಉತ್ತಂಗಿ. ಆ ಊರ ಹೆಸರು ಹೊತ್ತ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಶನ್ನಿನ ಪಾದ್ರಿಗಳು. ಊರೂರು ಹುಡುಕಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಇವರೇ. ವಚನಕಾರರ ಮೇಲೂ ದುಡಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಏಸುವನ್ನು ಬಿಡಲಿಲ್ಲ, ಸರ್ವಜ್ಞನನ್ನೂ ಬಿಡಲಿಲ್ಲ. ನಮ್ಮ ಮಠಗಳ ಜನ ಅವರನ್ನು ಹೊರಗಿನವರೆಂದು ನೋಡಲಿಲ್ಲ.

ತಮ್ಮನಿಗೂ ಒಂದು ಮಾತು ಹೇಳಿರಿ, ನನ್ನ ಹೆಸರು ಹೇಳಿಯೇ ಹೇಳಿರಿ. ದೇವರಮನೆಗೆ ಕೈ ಮುಗಿಯದಿದ್ದರೆ ಬೇಡ, ಆದರೆ ತಾಯಿಯ ಎದುರು ಮನೆದೇವರನ್ನು ಸೈತಾನ ಅನ್ನಬಾರದು. ಅಂಥ ಮಾತು ಬಂದರೆ ನೀವು ಸುಮ್ಮನಿರಬೇಕಾಗಿಲ್ಲ. ಆಸ್ತಿಯಲ್ಲಿ ಅವನ ಪಾಲು ತಪ್ಪಿಸುವ ಯೋಚನೆ ಯಾರಾದರೂ ತಲೆಯಲ್ಲಿ ತುಂಬಿದ್ದರೆ ವಕೀಲರನ್ನು ಕೇಳಿರಿ. ಮತ ಬದಲಾಯಿಸಿದ ಮಾತ್ರಕ್ಕೆ ಮಗನ ಹಕ್ಕು ಹೋಗುವುದಿಲ್ಲ.

ತಿಥಿಯ ದಿನ ಹೀಗೆ ಮಾಡಿರಿ. ಎಂಟು ದಿನ ಮೊದಲೇ ತಮ್ಮನಿಗೆ ಫೋನ್ ಮಾಡಿ ತಿಥಿ ತಿಳಿಸಿರಿ, ‘ಬಂದು ಕೂಡು’ ಅನ್ನಬೇಡಿರಿ. ಬಂದರೆ ಹೊರಗಿನ ಕೋಣೆಯಲ್ಲಿ ತಾಯಿಯ ಹತ್ತಿರ ಇರಲಿ. ಪಿಂಡಪ್ರದಾನ, ಬ್ರಾಹ್ಮಣ ಭೋಜನ ಮುಗಿದ ಮೇಲೆ ಮನೆಯವರೆಲ್ಲ ಉಣ್ಣುವ ಅನ್ನ ಅವನು ಬೇಡ ಎನ್ನಬಹುದು. ಅನ್ಯದೇವತೆಗೆ ಇಟ್ಟ ಅನ್ನದ ಬಗ್ಗೆ ಕೊರಿಂಥದವರಿಗೆ ಪೌಲನು ಬರೆದ ಪತ್ರದಲ್ಲೇ ಚರ್ಚೆಯಿದೆ, ಅವರಲ್ಲಿ ಅದು ಹಳೆಯ ಪ್ರಶ್ನೆ. ಅದನ್ನು ತಂದೆಗೆ ಮಾಡಿದ ಅವಮಾನವೆಂದು ತಿಳಿಯಬೇಡಿರಿ. ಮರುದಿನ ಮಧ್ಯಾಹ್ನ ಅವನನ್ನು ಊಟಕ್ಕೆ ಕರೆಯಿರಿ. ತಂದೆಯವರಿಗೆ ಪ್ರಿಯವಾದ ಪಲ್ಯ ಮಾಡಿಸಿರಿ, ತಾಯಿಯೇ ಬಡಿಸಲಿ.