ಕಿವಿಯಲ್ಲಿ ಕೇಳುವ ಧ್ವನಿಗೂ ಔಷಧಿ ಇದೆ

ಪ್ರಶ್ನೆ: ನಮ್ಮ ಅಕ್ಕನ ಮಗಳು ಪಿಯುಸಿ ಓದುತ್ತಾಳೆ. ಕೆಲವು ತಿಂಗಳಿಂದ ಊಟ ನಿದ್ದೆ ಸರಿಯಿಲ್ಲ, ಮಂಕಾಗಿ ಕೂತಿರುತ್ತಾಳೆ. ಈಗ ‘ನಿನ್ನಿಂದಲೇ ಮನೆ ಹಾಳಾಯ್ತು ಅಂತ ಯಾರೋ ಬೈತಾರೆ’ ಎನ್ನುತ್ತಾಳೆ. ಗಾಳಿ ಸೋಕಿದೆ ಎಂದು ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೂ ಕರೆದೊಯ್ದೆವು. ಡಾಕ್ಟರು ಇದು ಖಿನ್ನತೆ ಅನ್ನುತ್ತಾರೆ. ಖಿನ್ನತೆಯಲ್ಲಿ ಧ್ವನಿ ಕೇಳಿಸುತ್ತದೆಯೇ? ಈ ವಯಸ್ಸಿಗೆ ಮಾತ್ರೆ, ಶಾಕ್ ಎಲ್ಲ ಕೊಡಬಹುದೇ?
– ಓದುಗರೊಬ್ಬರು, ಹರಿಹರ

ಉತ್ತರ: ಕೇಳಿಸುತ್ತದೆ. ಖಿನ್ನತೆ ತೀರಾ ಹೆಚ್ಚಾದಾಗ ಕೆಲವರಲ್ಲಿ ಭ್ರಮೆಗಳೂ ಸೇರಿಕೊಳ್ಳುತ್ತವೆ. ಆ ಧ್ವನಿ ಏನು ಹೇಳುತ್ತಿದೆ ಎಂಬುದರಲ್ಲೇ ವೈದ್ಯರಿಗೆ ಸುಳಿವಿರುತ್ತದೆ. ‘ನೀನು ಪಾಪಿ, ಯಾತಕ್ಕೂ ಬಾರದವಳು, ಶಿಕ್ಷೆಯಾಗಲಿ’ ಎಂಬಂಥ ಮಾತುಗಳು ಹುಡುಗಿಯ ಮನಸ್ಸು ಮೊದಲೇ ತನ್ನ ಮೇಲೆ ಹೊರಿಸಿಕೊಂಡ ಆರೋಪಗಳೇ. ದುಃಖ ಮೊದಲು ಬಂದು, ಧ್ವನಿ ಆಮೇಲೆ ಸೇರಿತೇ ಎಂದೂ ವಿಚಾರಿಸುತ್ತಾರೆ. ಸ್ಕಿಜೋಫ್ರೇನಿಯಾದಿಂದ ಇದನ್ನು ಬೇರ್ಪಡಿಸಿ ನೋಡಲು ಈ ವಿವರಗಳು ಬೇಕು. ಹದಿಹರೆಯದವರು ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಕಡಿಮೆ. ನಿಮ್ಮ ಹುಡುಗಿ ಹೇಳಿದ್ದೇ ದೊಡ್ಡದು. ‘ಅದೆಲ್ಲ ಸುಳ್ಳು’ ಎಂದು ವಾದಿಸಬೇಡಿ, ಹೌದೆಂದೂ ತಲೆಯಾಡಿಸಬೇಡಿ. ‘ಕೇಳಿಸಿದರೆ ಹೆದರಿಕೆ ಆಗುತ್ತೆ ಅಲ್ವಾ’ ಎಂದರೆ ಸಾಕು.

ಮಾತ್ರೆಗೆ ಮೊದಲು ತಪಾಸಣೆ. ಥೈರಾಯ್ಡ್, ಮೂರ್ಛೆರೋಗ, ಮೆದುಳಿನ ಉರಿಯೂತ, ಗಾಂಜಾ ಸೇವನೆ ಇವೂ ಇಂಥ ಲಕ್ಷಣಗಳನ್ನು ತರಬಲ್ಲವು. ಮನೆತನದಲ್ಲಿ ಯಾರಿಗಾದರೂ ಉನ್ಮಾದ ಬಂದಿತ್ತೇ ಎಂದು ಕೇಳಿದರೆ ಮುಚ್ಚಿಡಬೇಡಿ. ಚಿಕ್ಕ ವಯಸ್ಸಿನಲ್ಲಿ ಭ್ರಮೆಯೊಡನೆ ಬಂದ ಖಿನ್ನತೆ ಮುಂದೆ ಖಿನ್ನತೆ, ಉನ್ಮಾದ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯಾಗಿ ತಿರುಗುವ ಸಾಧ್ಯತೆ ಇರುವುದರಿಂದ ಔಷಧಿಯ ಆಯ್ಕೆಯೇ ಬದಲಾಗಬಹುದು.

ಔಷಧಿ ಸಾಮಾನ್ಯವಾಗಿ ಜೋಡಿಯಾಗಿ ಬರುತ್ತದೆ. ಫ್ಲುಆಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆ ಒಂದು, ರಿಸ್ಪೆರಿಡೋನ್ ಅಥವಾ ಒಲಾಂಜಪಿನ್‌ನಂಥ ಭ್ರಮೆ ತಗ್ಗಿಸುವ ಮಾತ್ರೆ ಇನ್ನೊಂದು. ‘ಎರಡೆರಡು ಯಾಕೆ’ ಎಂದು ಒಂದನ್ನು ಮನೆಯಲ್ಲೇ ನಿಲ್ಲಿಸುವವರು ಬಹಳ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭ್ರಮೆಯೊಡನೆ ಖಿನ್ನತೆ ಇದ್ದ 259 ರೋಗಿಗಳ ಪೈಕಿ ಎರಡೂ ಬಗೆಯ ಮಾತ್ರೆ ಪಡೆದವರಲ್ಲಿ ಸುಮಾರು ಶೇ 42ರಷ್ಟು, ಒಲಾಂಜಪಿನ್ ಒಂದನ್ನೇ ಪಡೆದವರಲ್ಲಿ ಸುಮಾರು ಶೇ 24ರಷ್ಟು ಮಂದಿ ಚೇತರಿಸಿಕೊಂಡರು. ಅವರೆಲ್ಲ ವಯಸ್ಕರು, ಮಕ್ಕಳ ಮೇಲಿನ ಅಧ್ಯಯನ ಕಡಿಮೆ. ಹಾಗಾಗಿಯೇ ವೈದ್ಯರು ಸಣ್ಣ ಪ್ರಮಾಣದಿಂದ ಶುರುಮಾಡಿ, ಬೇಗ ಬೇಗ ಬರಹೇಳುತ್ತಾರೆ. ಖಿನ್ನತೆಯ ಮಾತ್ರೆ ಹಿಡಿಯಲು ಕೆಲವು ವಾರ ಬೇಕು. ಶುರುವಿನ ವಾರಗಳಲ್ಲಿ ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಿಂದಲೇ ಎಚ್ಚರಿಸುತ್ತಿದೆ. ಮಾತ್ರೆ ಬೇಡವೆಂದು ಇದರರ್ಥವಲ್ಲ, ಆ ವಾರಗಳಲ್ಲಿ ಹುಡುಗಿ ಒಂಟಿಯಾಗಿರಬಾರದು. ಒಲಾಂಜಪಿನ್‌ನಿಂದ ತೂಕ, ಸಕ್ಕರೆ ಏರಬಹುದು; ರಕ್ತಪರೀಕ್ಷೆ ತಪ್ಪಿಸಬೇಡಿ. ಹುಷಾರಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕಾಗುತ್ತದೆ. ಪರೀಕ್ಷೆ ಹತ್ತಿರ ಬಂತೆಂದು ನಿಲ್ಲಿಸುವುದು ಅತಿ ಕೆಟ್ಟ ಲೆಕ್ಕಾಚಾರ.

ಶಾಕ್ ವಿಚಾರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಪ್ರಾಪ್ತರಿಗೆ ಅದನ್ನು ನಿಷೇಧಿಸಿದೆ. ಆದರೂ ಬೇರೆ ದಾರಿಯಿಲ್ಲವೆಂದು ಮನೋವೈದ್ಯರಿಗೆ ಅನ್ನಿಸಿದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಬೇಕು. ಅರಿವಳಿಕೆ ಇಲ್ಲದೆ ಕೊಡುವುದು ಯಾರಿಗೂ ನಿಷಿದ್ಧ. ಅನ್ನ ನೀರು ಬಿಟ್ಟು ಕುಳಿತ ಮಗುವಿಗೆ ಅದು ಜೀವ ಉಳಿಸುವ ಚಿಕಿತ್ಸೆಯೂ ಆದೀತು. ಸಿನಿಮಾ ನೋಡಿ ತೀರ್ಮಾನಿಸಬೇಡಿ. ಅಪ್ರಾಪ್ತರನ್ನು ಆಸ್ಪತ್ರೆಗೆ ದಾಖಲಿಸಬೇಕಾದರೆ ವಯಸ್ಕ ರೋಗಿಗಳಿಂದ ಬೇರೆ ಇಡಬೇಕು, ಮನೆಯವರೊಬ್ಬರು ಜೊತೆಗಿರಬೇಕು ಎಂಬ ನಿಯಮವೂ ಅದೇ ಕಾಯ್ದೆಯಲ್ಲಿದೆ.

ಉಕ್ಕಡಗಾತ್ರಿಗೆ ಹೋದದ್ದಕ್ಕೆ ನಾಚಬೇಕಿಲ್ಲ. ಅಮಾವಾಸ್ಯೆಗೆ ಹೊಳೆಯಲ್ಲಿ ಮಿಂದು ಅಜ್ಜಯ್ಯನ ಗದ್ದುಗೆಗೆ ನಡೆದುಕೊಳ್ಳುವ ನೂರಾರು ಕುಟುಂಬಗಳಲ್ಲಿ ನಿಮ್ಮದೂ ಒಂದು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಹರಕೆಯ ಜೊತೆಗೇ ಮನೋವೈದ್ಯರ ಔಷಧಿಯೂ ಸಿಗುವ ಏರ್ಪಾಟಿದೆ. ನಮ್ಮಲ್ಲೂ ಅದು ಆಗಬೇಕಾದ ಕೆಲಸ ಎನ್ನುವುದು ನನ್ನ ಅಭಿಪ್ರಾಯ. ಆದರೆ ಮುಂದಿನ ಅಮಾವಾಸ್ಯೆವರೆಗೆ ಮಾತ್ರೆ ತಡೆಹಿಡಿಯಬೇಡಿ. ಗಾಳಿ ಬಿಡಿಸುತ್ತೇನೆಂದು ಯಾರಾದರೂ ಹೊಡೆದರೆ, ಕಟ್ಟಿಹಾಕಿದರೆ 2020ರಿಂದ ಜಾರಿಯಲ್ಲಿರುವ ರಾಜ್ಯದ ಕಾಯ್ದೆಯಡಿ ಅದು ಅಪರಾಧ.

ನಿಮಗೆ ದಾವಣಗೆರೆ ದೂರವೇನಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋಚೈತನ್ಯ ಶಿಬಿರ ನಡೆಸುವ ಕ್ರಮವಿದೆ, ಹರಿಹರದ ಸರದಿ ಯಾವಾಗ ಎಂದು ವಿಚಾರಿಸಿ. ಕಾಯಿಲೆ ಜಟಿಲವೆನಿಸಿದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಕಳಿಸುತ್ತಾರೆ.

ಇವತ್ತೇ ಮಾಡಬೇಕಾದದ್ದೊಂದಿದೆ. ಹೊಲಕ್ಕೆ ತಂದ ಕೀಟನಾಶಕ ಮನೆಯಲ್ಲಿದ್ದರೆ ಹೊರಗೆ ಸಾಗಿಸಿ, ಮಾತ್ರೆಗಳು ದೊಡ್ಡವರ ಕೈಯಲ್ಲಿರಲಿ. ಧ್ವನಿ ‘ಸಾಯಿ’ ಎಂದು ಹೇಳುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ರಾತ್ರಿಯೇ ಆಗಲಿ, ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ: 14416. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.