ಜಕ್ಕಾಯನ ಲೆಕ್ಕ: ಮಾನಸಾಂತರಕ್ಕೊಂದು ಪರಿಚಯ

ಚರ್ಚಿನ ದೃಢೀಕರಣದ ತರಗತಿಗೆ ಹೊಸದಾಗಿ ಸೇರಿದವರು ಮೊದಲ ಒಂದೆರಡು ವಾರ ಸುಮ್ಮನೆ ಕೂತು ಕೇಳುತ್ತಾರೆ. ಮೂರನೆಯ ವಾರ, ಉಳಿದವರೆಲ್ಲ ಎದ್ದು ಹೋದ ಮೇಲೆ, ಯಾರಾದರೊಬ್ಬರು ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳುತ್ತಾರೆ: “ಸರ್, ನಾನು ನಿಜವಾಗಿ ತಿರುಗಿಕೊಂಡಿದ್ದೇನೆ ಅಂತ ಹೇಗೆ ಗೊತ್ತಾಗೋದು?”

ಈ ಪ್ರಶ್ನೆಯ ಹಿಂದೆ ಎರಡು ಬಗೆಯ ಅಳುಕು ಇರುತ್ತದೆ. ಕೆಲವರು ಸಭೆಯಲ್ಲಿ ಸಾಕ್ಷಿ ಹೇಳುವವರನ್ನು ಕೇಳಿ ಬಂದಿರುತ್ತಾರೆ. ಇಂಥ ತಾರೀಕು, ಇಂಥ ಕೂಟ, ಅಂದು ಕಣ್ಣೀರು ಬಂತು, ಅಂದಿನಿಂದ ಬದುಕೇ ಬೇರೆಯಾಯಿತು ಎನ್ನುವ ಸಾಕ್ಷಿಗಳು. ತಮಗೆ ಅಂಥದೊಂದು ತಾರೀಕೇ ಇಲ್ಲವಲ್ಲ ಎಂಬುದು ಇವರ ಚಿಂತೆ. ಇನ್ನು ಕೆಲವರಿಗೆ ತಾರೀಕು ಇದೆ, ಕಣ್ಣೀರೂ ಬಂದಿದೆ; ಆದರೆ ಸೋಮವಾರ ಬೆಳಿಗ್ಗೆ ಅಂಗಡಿ ತೆರೆದರೆ ತಕ್ಕಡಿ ಮಾತ್ರ ಹಳೆಯದೇ. ಎರಡೂ ಬಗೆಯವರಿಗೆ ನಾನು ಹೇಳುವುದು ಒಂದೇ ಕಥೆ, ಮರ ಹತ್ತಿದ ಕುಳ್ಳನ ಕಥೆ. ಅದಕ್ಕೆ ಮೊದಲು ಒಂದೆರಡು ಪದಗಳನ್ನು ಬಿಡಿಸಿಕೊಳ್ಳೋಣ.

ಎರಡು ಪದಗಳು

ಮತಾಂತರ ಎನ್ನುವ ಪದ ನಮ್ಮಲ್ಲಿ ಪತ್ರಿಕೆ, ಕಾನೂನು, ಜಗಳ ಎಲ್ಲದರಲ್ಲೂ ಓಡಾಡುತ್ತದೆ. ಒಂದು ಧರ್ಮದಿಂದ ಇನ್ನೊಂದಕ್ಕೆ ಹೋಗುವುದು ಎಂದು ಅದರ ಅರ್ಥ. ಅದನ್ನು ಊರು ನೋಡುತ್ತದೆ, ಸರ್ಕಾರ ಬರೆದಿಟ್ಟುಕೊಳ್ಳುತ್ತದೆ. ಬೈಬಲ್ ಕೇಳುವುದು ಮಾನಸಾಂತರವನ್ನು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇದಕ್ಕಿರುವ ಪದ ‘ಮೆತಾನೋಯಾ’, ಮನಸ್ಸು ಬದಲಾಗುವುದು ಎಂದರ್ಥ. ಅದಕ್ಕೂ ಹಿಂದೆ ಹಳೆಯ ಒಡಂಬಡಿಕೆಯ ಪ್ರವಾದಿಗಳು ಬಳಸಿದ ಹೀಬ್ರೂ ಪದ ‘ಶೂವ್’. ಅದು ದಾರಿಹೋಕರ ಮಾತು: ಹೋಗುತ್ತಿರುವ ದಾರಿ ತಪ್ಪು ಎಂದು ತಿಳಿದು, ಹಿಂದಿರುಗಿ ಬರುವುದು. ದೇವರ ಕಡೆಗೆ ತಿರುಗಿಕೊಳ್ಳುವುದು ಎಂದು ಕನ್ನಡ ಬೈಬಲು ಹೇಳುವಾಗ ಆ ದಾರಿಯ ವಾಸನೆ ಹಾಗೆಯೇ ಉಳಿದಿದೆ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಕ್ರೈಸ್ತ ಮನೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವರಿಗೂ ಮಾನಸಾಂತರ ತಪ್ಪಿದ್ದಲ್ಲ. ಅಜ್ಜನ ಹೆಸರು ಸಭೆಯ ರಿಜಿಸ್ಟರಿನಲ್ಲಿದೆ ಎಂಬ ಕಾರಣಕ್ಕೆ ಮೊಮ್ಮಗನ ಮನಸ್ಸು ತಿರುಗುವುದಿಲ್ಲ. ಎರಡು, ಇದನ್ನು ಒಬ್ಬರಿಗಾಗಿ ಇನ್ನೊಬ್ಬರು ಮಾಡಲಾಗದು. ಆಸೆ ತೋರಿಸಿಯೋ ಹೆದರಿಸಿಯೋ ಹೆಸರು ಬದಲಿಸಬಹುದು. ಮನಸ್ಸು ಹಾಗೆ ಬದಲಾಗುವ ವಸ್ತುವಲ್ಲ.

ಇನ್ನೊಂದು ಪದ ‘ಶಿಷ್ಯ’. ಗ್ರೀಕಿನಲ್ಲಿ ಅದು ‘ಮಥೇತೇಸ್’, ಕಲಿಯುವವನು ಎಂದರ್ಥ. ಹೊಸ ಒಡಂಬಡಿಕೆಯಲ್ಲಿ ಈ ಪದ 250ಕ್ಕೂ ಹೆಚ್ಚು ಬಾರಿ ಬರುತ್ತದೆ. ‘ಕ್ರೈಸ್ತ’ ಎಂಬ ಪದ ಬರುವುದು ಬರೀ ಮೂರು ಬಾರಿ. ಶಿಷ್ಯರಿಗೆ ಆ ಹೆಸರು ಮೊದಲು ಬಿದ್ದದ್ದು ಅಂತಿಯೋಕ್ಯ ಪಟ್ಟಣದಲ್ಲಿ ಎಂದು ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯ ಹೇಳುತ್ತದೆ. ಅಲ್ಲಿಯವರೆಗೆ ಅವರು ಬರಿಯ ಶಿಷ್ಯರು, ಒಬ್ಬ ಗುರುವಿನ ಹಿಂದೆ ನಡೆದವರು. ಗುರು–ಶಿಷ್ಯರ ಸಂಬಂಧವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮಲ್ಲಿ ಗುರುವನ್ನು ಹುಡುಕಿಕೊಂಡು ಶಿಷ್ಯ ಹೊರಡುತ್ತಾನೆ. ಸುವಾರ್ತೆಗಳಲ್ಲಿ ಗುರುವೇ ದೋಣಿಯ ಹತ್ತಿರ, ಸುಂಕದ ಕಟ್ಟೆಯ ಹತ್ತಿರ ಬಂದು ಕರೆಯುತ್ತಾನೆ.

ಮರ ಹತ್ತಿದವನು, ಮುಖ ಬಾಡಿಸಿಕೊಂಡವನು

ಲೂಕನ ಸುವಾರ್ತೆಯ 18 ಮತ್ತು 19ನೆಯ ಅಧ್ಯಾಯಗಳಲ್ಲಿ ಇಬ್ಬರು ಶ್ರೀಮಂತರು ಸಿಗುತ್ತಾರೆ. ಮೊದಲನೆಯವನು ಒಬ್ಬ ಅಧಿಕಾರಿ. ಚಿಕ್ಕಂದಿನಿಂದಲೂ ಆಜ್ಞೆಗಳನ್ನು ಪಾಲಿಸಿದವನು, ಊರಲ್ಲಿ ಒಳ್ಳೆಯ ಹೆಸರಿದ್ದವನು. ನಿತ್ಯಜೀವ ಪಡೆಯಲು ಏನು ಮಾಡಬೇಕೆಂದು ಕೇಳಿದ. ಇರುವುದೆಲ್ಲವನ್ನೂ ಮಾರಿ ಬಡವರಿಗೆ ಕೊಟ್ಟು ತಮ್ಮ ಹಿಂದೆ ಬರುವಂತೆ ಯೇಸುಸ್ವಾಮಿ ಹೇಳಿದರು. ಅವನ ಮುಖ ಬಾಡಿತು.

ಎರಡನೆಯವನು ಯೆರಿಕೋ ಪಟ್ಟಣದ ಜಕ್ಕಾಯ, ಸುಂಕ ವಸೂಲಿ ಮಾಡುವವರ ಮುಖ್ಯಸ್ಥ. ರೋಮನ್ನರ ಸೇವೆಯಲ್ಲಿ ತನ್ನ ಜನರನ್ನೇ ಸುಲಿದವನು ಎಂದು ಊರಿಗೆ ಊರೇ ಅವನನ್ನು ಬೈಯುತ್ತಿತ್ತು. ಗುಂಪಿನಲ್ಲಿ ಯೇಸು ಕಾಣಿಸಲಿಲ್ಲವೆಂದು ಈ ಕುಳ್ಳ ಓಡಿಹೋಗಿ ಅತ್ತಿ ಜಾತಿಯ ಒಂದು ಮರ ಹತ್ತಿದ. ಯೇಸು ಮರದ ಕೆಳಗೆ ನಿಂತು, ಈ ದಿನ ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಎಂದರು. ಹಣದ ಮಾತೇ ಎತ್ತಲಿಲ್ಲ. ಲೆಕ್ಕ ತೆಗೆದವನು ಜಕ್ಕಾಯನೇ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್.

ಈ ‘ನಾಲ್ಕರಷ್ಟು’ ಬಾಯಿಗೆ ಬಂದ ಅಂಕಿಯಲ್ಲ. ತಪ್ಪನ್ನು ತಾನಾಗಿ ಒಪ್ಪಿಕೊಂಡವನು ಅಸಲನ್ನೂ ಅದರ ಐದನೆಯ ಒಂದು ಪಾಲನ್ನೂ ಸೇರಿಸಿ ಹಿಂದಿರುಗಿಸಬೇಕೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ನೂರಕ್ಕೆ ನೂರಿಪ್ಪತ್ತು ಕೊಟ್ಟರೆ ಸಾಕಿತ್ತು. ನಾಲ್ಕರಷ್ಟು ಕೊಡಬೇಕಾದವನು ಕುರಿ ಕದ್ದು ಕೊಂದ ಅಥವಾ ಮಾರಿದ ಕಳ್ಳ. ಜಕ್ಕಾಯ ತನ್ನ ಅಂಕಿಯ ಮೂಲಕವೇ ಊರೆದುರು, ನಾನು ಕಳ್ಳ ಎಂದು ಒಪ್ಪಿಕೊಂಡ. ಅವನ ಪಾಪನಿವೇದನೆಯೆಲ್ಲ ಆ ಒಂದು ಲೆಕ್ಕದಲ್ಲಿದೆ.

ತರಗತಿಯಲ್ಲಿ ಇಲ್ಲಿಗೆ ಬಂದಾಗ ಯಾರಾದರೂ ತಕರಾರು ತೆಗೆಯುತ್ತಾರೆ: “ಒಳ್ಳೆಯವನಿಗೆ ಪೂರ್ತಿ ಆಸ್ತಿ ಬಿಡು ಅಂದರು. ಕಳ್ಳನಿಗೆ ಅರ್ಧ ಸಾಕಾಯಿತು. ಇದ್ಯಾವ ನ್ಯಾಯ ಸರ್?” ಒಳ್ಳೆಯ ತಕರಾರು. ಪೂರ್ಣಮನಸ್ಸಿನ ಶಿಷ್ಯತ್ವವನ್ನು ನಾವು ಶೇಕಡಾವಾರು ಅಳೆಯಲು ಹೋಗುವುದರಿಂದ ಈ ಗೊಂದಲ. ಅಧಿಕಾರಿಯ ಆಜ್ಞಾಪಾಲನೆಯೆಲ್ಲ ಸರಿಯಿತ್ತು, ಗಂಟು ಬಿದ್ದದ್ದು ಹಣದಲ್ಲಿ. ಅದೊಂದನ್ನು ಮುಟ್ಟಬೇಡಿ ಎಂದುಕೊಂಡೇ ಅವನು ಬಂದಿದ್ದ, ಯೇಸು ಕೈಯಿಟ್ಟದ್ದು ಅಲ್ಲಿಗೇ. ಜಕ್ಕಾಯ ತನ್ನ ಗಂಟನ್ನು ತಾನೇ ಬಿಚ್ಚಿದ. ಪೂರ್ಣಮನಸ್ಸು ಎಂದರೆ ಬದುಕಿನ ಯಾವ ಕೋಣೆಗೂ ಬೀಗ ಹಾಕಿ ಇಟ್ಟುಕೊಳ್ಳದಿರುವುದು. ನಿಮ್ಮ ಬೀಗದ ಕೋಣೆ ಹಣವೇ ಆಗಿರಬೇಕೆಂದಿಲ್ಲ. ಜಾತಿಯ ಹೆಮ್ಮೆ ಇರಬಹುದು, ಅಣ್ಣತಮ್ಮಂದಿರ ನಡುವಿನ ಹಳೆಯ ವ್ಯಾಜ್ಯ ಇರಬಹುದು.

ಕಥೆಯ ಕ್ರಮವನ್ನೂ ಗಮನಿಸಿ. ಮೊದಲು ಅತಿಥಿ ಬಂದರು, ಆಮೇಲೆ ಲೆಕ್ಕ ಬಂತು. ಹಣ ಕೊಟ್ಟದ್ದಕ್ಕೆ ಜಕ್ಕಾಯನನ್ನು ಸ್ವೀಕರಿಸಲಿಲ್ಲ. ಸ್ವೀಕರಿಸಿದ್ದಕ್ಕೆ ಅವನ ಕೈ ಸಡಿಲವಾಯಿತು. ಕೃಪೆ ಎಂಬ ಪದವನ್ನು ಮುಂದಿನ ವಾರಗಳಲ್ಲಿ ಹತ್ತಾರು ಸಲ ಕೇಳುತ್ತೀರಿ. ಆಗೆಲ್ಲ ಈ ಕ್ರಮ ನೆನಪಿರಲಿ.

ಹಣ ವಾಪಸ್ ಕೊಟ್ಟ ಇನ್ನೊಬ್ಬ

ಹಾಗಾದರೆ ಹಣ ವಾಪಸ್ ಕೊಟ್ಟವರೆಲ್ಲ ಮಾನಸಾಂತರ ಹೊಂದಿದವರೇ? ಆತುರ ಬೇಡ. ಯೂದನೂ ವಾಪಸ್ ಕೊಟ್ಟ. ಗುರುವನ್ನು ಹಿಡಿದುಕೊಟ್ಟು ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು, ತಾನು ತಪ್ಪು ಮಾಡಿದೆ ಎಂದು ಬಾಯಿಬಿಟ್ಟು ಹೇಳಿ, ಹೋಗಿ ನೇಣು ಹಾಕಿಕೊಂಡ. ಯೂದ ಹಿಡಿದುಕೊಟ್ಟ ಆ ರಾತ್ರಿಯೇ ಶಿಷ್ಯ ಪೇತ್ರ ಗುರುವನ್ನು ಬಲ್ಲೆನೆಂದು ಹೇಳಲು ಹೆದರಿ ಮೂರು ಸಲ ಅಲ್ಲಗಳೆದಿದ್ದ. ಅವನೂ ಬಿಕ್ಕಿ ಬಿಕ್ಕಿ ಅತ್ತ. ವ್ಯತ್ಯಾಸವೆಂದರೆ, ಪೇತ್ರ ಅಳುತ್ತಲೇ ಉಳಿದ ಶಿಷ್ಯರ ನಡುವೆ ಉಳಿದ, ಮತ್ತೆ ಗುರುವಿನ ಮುಂದೆ ಬಂದು ನಿಂತ.

ಯೂದನ ಪಶ್ಚಾತ್ತಾಪ ಸುಳ್ಳಲ್ಲ. ಆದರೆ ಅದು ಹಿಂದಕ್ಕೆ ನೋಡಿತು, ಯಾರ ಕಡೆಗೂ ತಿರುಗಲಿಲ್ಲ. ಮಾನಸಾಂತರದಲ್ಲಿ ಬೆನ್ನು ಹಾಕುವುದಕ್ಕೆ ಒಂದು ತಪ್ಪು ಇರುವಂತೆ ಮುಖ ಮಾಡುವುದಕ್ಕೆ ಒಬ್ಬರು ಇರುತ್ತಾರೆ. ತಮ್ಮನ್ನು ತಾವು ಬೈದುಕೊಳ್ಳುತ್ತಲೇ ಇರುವ ಮಂದಿಗೆ ಇದನ್ನು ಒತ್ತಿ ಹೇಳಬೇಕು: ನಿಮ್ಮ ಮೇಲೆ ನಿಮಗಿರುವ ಸಿಟ್ಟೇ ಭಕ್ತಿಯಲ್ಲ.

ತಡವಾಗಿ ತೆರೆದ ಕೋಣೆಗಳು

ಜಕ್ಕಾಯನ ಲೆಕ್ಕ ಒಂದೇ ದಿನದಲ್ಲಿ ಇತ್ಯರ್ಥವಾಯಿತು. ಎಲ್ಲರದೂ ಹಾಗಲ್ಲ. ‘ಅಮೇಜಿಂಗ್ ಗ್ರೇಸ್’ ಎಂಬ ಹಾಡನ್ನು ನೀವು ಕೇಳಿರಬಹುದು. ಬರೆದವನು ಇಂಗ್ಲೆಂಡಿನ ಜಾನ್ ನ್ಯೂಟನ್. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗು ಮುಳುಗುವಂತಾದಾಗ ಅವನು ದೇವರನ್ನು ಕೂಗಿದ. ಆ ದಿನವನ್ನು ಬದುಕಿರುವವರೆಗೂ ಪ್ರತಿವರ್ಷ ನೆನೆದ. ಸಾಕ್ಷಿ ಹೇಳಲು ಇದಕ್ಕಿಂತ ಒಳ್ಳೆಯ ತಾರೀಕು ಬೇಕೆ? ಆದರೆ 1750ರಿಂದ 1754ರವರೆಗೆ ಅದೇ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿ ಮೂರು ಯಾನ ಮಾಡಿದ. ಮೇಲೆ ನಾವಿಕರೊಂದಿಗೆ ಪ್ರಾರ್ಥನೆ, ಕೆಳಗೆ ಸಂಕೋಲೆಯಲ್ಲಿ ಆಫ್ರಿಕದ ಜನ. ಸಮುದ್ರ ಬಿಡಿಸಿದ್ದು ಅವನ ಆತ್ಮಸಾಕ್ಷಿಯಲ್ಲ, ಕಾಯಿಲೆ. 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರದ ವಿರುದ್ಧ ತನ್ನ ತಪ್ಪೊಪ್ಪಿಗೆಯೂ ಸೇರಿದ ಕಿರುಪುಸ್ತಕ ಪ್ರಕಟಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ ನಲವತ್ತು ವರ್ಷ.

ಅವನನ್ನು ಸಮರ್ಥಿಸಲು ಈ ಮಾತು ಹೇಳುತ್ತಿಲ್ಲ. ಅವನ ತಡಕ್ಕೆ ಬೆಲೆ ತೆತ್ತವರು ಹಡಗಿನ ತಳದಲ್ಲಿದ್ದವರು. ನಮ್ಮ ಕಾಲವೂ ಊರೂ ಸರಿಯೆಂದು ಒಪ್ಪಿಕೊಂಡಿರುವ ತಪ್ಪು ನಮ್ಮ ಕಣ್ಣಿಗೆ ಬೀಳುವುದು ಎಷ್ಟು ಕಷ್ಟ ಎಂಬುದಕ್ಕೆ ಇದು ಉದಾಹರಣೆ. ಬೀಗ ಹಾಕಿದ ಆ ಕೋಣೆ ಇದೆಯೆಂದೇ ಅವನಿಗೆ ಬಹುಕಾಲ ಕಾಣಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ನೆಲದ್ದೇ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ತಂದೆ ಅನಂತ ಶಾಸ್ತ್ರಿಗಳು ಕಟ್ಟಿಕೊಂಡ ಆಶ್ರಮದಲ್ಲಿ. ಬಾಲ್ಯವೆಲ್ಲ ತೀರ್ಥಯಾತ್ರೆ. ಬರಗಾಲದಲ್ಲಿ ಕೆಲವೇ ತಿಂಗಳೊಳಗೆ ತಂದೆ, ತಾಯಿ, ಅಕ್ಕ ತೀರಿಕೊಂಡರು. ಸಂಸ್ಕೃತ ಪಾಂಡಿತ್ಯಕ್ಕೆ ಕಲ್ಕತ್ತೆಯಲ್ಲಿ ಪಂಡಿತಾ ಎಂಬ ಬಿರುದು ಬಂತು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಗೆ ಕಥೆ ಮುಗಿಯಿತೆಂದು ನಾವು ಅಂದುಕೊಳ್ಳುತ್ತೇವೆ. ಅವರು ಹಾಗೆ ಅಂದುಕೊಳ್ಳಲಿಲ್ಲ. ತಮಗೆ ಆಗ ದಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂಬುದು ಸ್ನಾನವಾದ ಸುಮಾರು ಎಂಟು ವರ್ಷಗಳ ಮೇಲೆ ತಿಳಿಯಿತೆಂದು ತಮ್ಮ ಸಾಕ್ಷಿಯಲ್ಲಿ ಅವರೇ ಬರೆದಿದ್ದಾರೆ. ನಾನು ಮೊದಲು ಹೇಳಿದ ಮತಾಂತರ, ಮಾನಸಾಂತರ ಎಂಬ ಎರಡು ಪದಗಳ ನಡುವಿನ ಅಂತರ ಈ ಎಂಟು ವರ್ಷ.

ಆಮೇಲೆ ಏನಾಯಿತು ನೋಡಿ. 1896–97ರಲ್ಲಿ ಮಧ್ಯಪ್ರಾಂತ್ಯಗಳಿಗೆ ಬರ ಬಂದಾಗ ಅವರು ಅಲ್ಲಿಗೆ ಹೊರಟರು. ಹಸಿವಿನಿಂದ ದಿಕ್ಕೆಟ್ಟ ನೂರಾರು ಹೆಣ್ಣುಮಕ್ಕಳನ್ನು, ವಿಧವೆಯರನ್ನು ಕರೆತಂದು ಪುಣೆಯ ಹತ್ತಿರದ ಕೆಡಗಾಂವ್‌ನಲ್ಲಿ ‘ಮುಕ್ತಿ’ ಎಂಬ ನೆಲೆ ಕಟ್ಟಿದರು, ಓದು ಮತ್ತು ಕೈಕಸುಬು ಕಲಿಸಿದರು. ಬರದಲ್ಲಿ ಮನೆಯವರನ್ನು ಕಳೆದುಕೊಂಡ ಹುಡುಗಿ ಬರದ ದಾರಿಗೇ ತಿರುಗಿ ಹೋದದ್ದು ಹೀಗೆ. ಬೈಬಲನ್ನು ಮೂಲ ಭಾಷೆಗಳಿಂದ ಮರಾಠಿಗೆ ತರುವ ಕೆಲಸವನ್ನು 1922ರಲ್ಲಿ ತೀರಿಕೊಳ್ಳುವವರೆಗೂ ಮಾಡಿದರು.

ಆದಿಸಭೆ ಕೇಳುತ್ತಿದ್ದ ಪ್ರಶ್ನೆ

ಮಾನಸಾಂತರ ತಿಳಿಯುವುದು ತಾರೀಕಿನಿಂದಲ್ಲ, ಬದುಕಿನಿಂದ ಎಂಬುದು ಆದಿಸಭೆಗೂ ಗೊತ್ತಿತ್ತು. ರೋಮಿನ ಹಿಪ್ಪೊಲಿಟಸ್ ಎಂಬವನ ಹೆಸರಿನಲ್ಲಿ ಬಂದಿರುವ ಒಂದು ಹಳೆಯ ಸಭಾನಿಯಮಗಳ ಗ್ರಂಥದ ಪ್ರಕಾರ ದೀಕ್ಷಾಸ್ನಾನ ಬಯಸಿ ಬಂದವರು ಮೂರು ವರ್ಷ ಕಲಿಯಬೇಕಿತ್ತು. ಬಂದಾಗಲೇ ಕಸುಬು ಯಾವುದೆಂದು ವಿಚಾರಿಸುತ್ತಿದ್ದರು. ಕತ್ತಿ ಹಿಡಿದು ಜನರ ಮನರಂಜನೆಗಾಗಿ ಕೊಲ್ಲುವವನು, ವೇಶ್ಯಾಗೃಹ ನಡೆಸುವವನು ಆ ಕಸುಬು ಬಿಡಬೇಕಿತ್ತು, ಇಲ್ಲವೇ ಹಿಂದಿರುಗಬೇಕಿತ್ತು. ಸ್ನಾನದ ದಿನ ಹತ್ತಿರವಾದಾಗ ಇನ್ನೊಂದು ಪರೀಕ್ಷೆ: ವಿಧವೆಯರನ್ನು ಗೌರವಿಸಿದರೇ? ರೋಗಿಗಳನ್ನು ನೋಡಿಬಂದರೇ? ಉತ್ತರ ಹೇಳಬೇಕಾದವರು ಅಭ್ಯರ್ಥಿಗಳಲ್ಲ, ಅವರನ್ನು ಕರೆತಂದವರು. ಕಣ್ಣೀರಿನ ತಾರೀಕನ್ನು ಯಾರೂ ಕೇಳಲಿಲ್ಲ.

ಬಾಗಿಲ ಬಳಿ ನಿಂತವರಿಗೆ ಈಗ ಉತ್ತರ ಹೇಳಬಹುದು. ತಾರೀಕು ಇಲ್ಲವೆಂದು ಹೆದರಬೇಡಿ. ತಾರೀಕು ಇದೆಯೆಂದು ನಿಶ್ಚಿಂತರಾಗಲೂ ಬೇಡಿ. ನಿಮ್ಮ ತಿರುಗುವಿಕೆ ನಿಜವೇ ಎಂಬುದಕ್ಕೆ ನಿಮಗಿಂತ ಒಳ್ಳೆಯ ಸಾಕ್ಷಿ ನಿಮ್ಮ ಗಿರಾಕಿ, ಮನೆಕೆಲಸದವರು, ಸೊಸೆ, ಸಾಲಗಾರ.

ಈ ವಾರದ ಮನೆಪಾಠ ಚಿಕ್ಕದು. ಲೂಕನ 18ನೆಯ ಅಧ್ಯಾಯದ 18ನೆಯ ವಚನದಿಂದ 19ರ 10ರವರೆಗೆ ಒಂದೇ ಸಲ ಕೂತು ಓದಿ. ಕಾಲು ಗಂಟೆ ಸಾಕು. ಆಮೇಲೆ ಒಂದು ಚೀಟಿ ತೆಗೆದುಕೊಂಡು ನೀವು ಲೆಕ್ಕ ತೀರಿಸಬೇಕಾದ ಒಬ್ಬರ ಹೆಸರು ಬರೆಯಿರಿ. ಹಣವಿರಬಹುದು, ಒಂದು ಕ್ಷಮೆಯ ಮಾತಿರಬಹುದು. ಆ ಚೀಟಿಯನ್ನು ನನಗೆ ತೋರಿಸುವುದು ಬೇಡ. ಮುಂದಿನ ಭಾನುವಾರ ತರಗತಿಗೆ ಬರುವ ಮೊದಲು ಅವರ ಮನೆಗೆ ಹೋಗಿ ಬನ್ನಿ.